ಕೈ ನೋಡುವುದು

‘ಕೈ ನೋಡುವುದು’ ಎಂಬ ಮಾತನ್ನು ಕೇಳಿದೊಡನೆ ಕನ್ನಡಿಗರಿಗೆ ಎರಡು ಚಿತ್ರಗಳು ಹೊಳೆಯುತ್ತವೆ. ಜಾತ್ರೆಯ ಮರದ ಕೆಳಗೆ ಕುಳಿತ ಶಾಸ್ತ್ರದವನು ಅಂಗೈಯ ಗೆರೆಗಳನ್ನು ನೋಡಿ ಆಯುಷ್ಯವೆಷ್ಟು, ಐಶ್ವರ್ಯವೆಷ್ಟು ಎಂದು ಹೇಳುವುದು ಒಂದು. ನಾಡಿ ಬಲ್ಲ ಪಂಡಿತರು ಮಣಿಕಟ್ಟಿನ ಮೇಲೆ ಮೂರು ಬೆರಳನ್ನಿಟ್ಟು ದೇಹಸ್ಥಿತಿಯನ್ನು ಅರಿಯಲೆತ್ನಿಸುವುದು ಇನ್ನೊಂದು. ಇವೆರಡೂ ಅಲ್ಲದ ಮೂರನೆಯ ಬಗೆಯ ಕೈ ನೋಡುವಿಕೆಯೊಂದಿದೆ. ಅಲ್ಲಿ ನೋಡುವವರು ಕೈಯ ಮೂಲಕ ಬೇರೇನನ್ನೋ ಅರಸುವುದಿಲ್ಲ, ಕೈಯನ್ನೇ ನೋಡುತ್ತಾರೆ. ಅದರ ಎಲುಬು, ಕೀಲು, ಸ್ನಾಯು, ನರ, ರಕ್ತನಾಳಗಳಲ್ಲಿ ಯಾವುದು ಕೆಟ್ಟಿದೆ, ಎಲ್ಲಿ ಕೆಟ್ಟಿದೆ ಎಂಬುದನ್ನು ಚರ್ಮವನ್ನು ಕೊಯ್ಯದೆಯೇ ತಿಳಿಯುತ್ತಾರೆ. ಇದಕ್ಕೆ ಬೇಕಾಗುವ ಸಾಮಗ್ರಿಯೂ ಹೆಚ್ಚಿನದಲ್ಲ. ಒಂದು ಹಾಳೆ ಕಾಗದ, ಒಂದು ಎಸಳು ಹತ್ತಿ, ಒಂದು ಲೇಖನಿ. ಉಳಿದುದೆಲ್ಲ ವೈದ್ಯರ ಕಣ್ಣು ಮತ್ತು ಬೆರಳು.

ಕೈಯ ಕೆಲಸಗಳನ್ನು ನಮ್ಮ ನುಡಿಯ ಅಳತೆಯ ಮಾತುಗಳು ಎಂದೋ ವಿಂಗಡಿಸಿ ಇಟ್ಟಿವೆ. ಚಿಟಿಕೆ ಉಪ್ಪು, ಹಿಡಿ ಅಕ್ಕಿ, ಬೊಗಸೆ ನೀರು, ಗೇಣುದ್ದದ ಕಡ್ಡಿ, ಒಂದು ತುತ್ತು ಅನ್ನ. ಇವು ಕೇವಲ ಪ್ರಮಾಣಗಳಲ್ಲ. ಒಂದೊಂದೂ ಕೈಯ ಒಂದೊಂದು ಭಂಗಿ. ಚಿಟಿಕೆಗೆ ಹೆಬ್ಬೆರಳೂ ತೋರುಬೆರಳೂ ತುದಿಗೆ ತುದಿ ಕೂಡಬೇಕು. ಹಿಡಿಗೆ ಎಲ್ಲ ಬೆರಳುಗಳೂ ಮಡಿಯಬೇಕು. ಬೊಗಸೆಗೆ ಅಂಗೈ ಬಟ್ಟಲಿನಂತೆ ಬಾಗಬೇಕು. ಗೇಣಿಗೆ ಬೆರಳುಗಳು ಪೂರ್ಣವಾಗಿ ಅಗಲಬೇಕು. ತುತ್ತು ಇವೆಲ್ಲಕ್ಕಿಂತ ಕಠಿಣ. ಅದರ ಮಾತು ಮುಂದೆ ಬರುತ್ತದೆ.

ಮಣಿಕಟ್ಟಿನಿಂದ ಬೆರಳ ತುದಿಯವರೆಗೆ ಒಂದು ಕೈಯಲ್ಲಿ 27 ಎಲುಬುಗಳಿವೆ. ಮಣಿಕಟ್ಟಿನಲ್ಲಿ ಎರಡು ಸಾಲಾಗಿ ಹೊಂದಿಸಿದ 8 ಚಿಕ್ಕ ಎಲುಬುಗಳು, ಅಂಗೈಯಲ್ಲಿ 5, ಬೆರಳುಗಳಲ್ಲಿ 14. ಹೆಬ್ಬೆರಳಿಗೆ ಎರಡೇ ಎಲುಬು, ಉಳಿದವಕ್ಕೆ ಮೂರು ಮೂರು. ಎರಡು ಕೈಗಳನ್ನೂ ಸೇರಿಸಿದರೆ 54. ದೇಹದ 206 ಎಲುಬುಗಳಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಇಲ್ಲಿಯೇ ನೆಲೆಸಿವೆ. ಎಲುಬಿನ ಸಂಖ್ಯೆಯಲ್ಲಿ ಬಡವಾದ ಹೆಬ್ಬೆರಳೇ ಕೆಲಸದಲ್ಲಿ ಯಜಮಾನ. ಅದರ ಬುಡದ ಕೀಲಿನಲ್ಲಿ ಕೂಡುವ ಎರಡು ಎಲುಬುಗಳ ಮುಖಗಳೂ ಕುದುರೆಯ ಜೀನಿನಂತೆ ಬಾಗಿವೆ. ಒಂದರ ಮೇಲೊಂದು ಅಡ್ಡಲಾಗಿ ಕುಳಿತಿವೆ. ಆದುದರಿಂದಲೇ ಹೆಬ್ಬೆರಳು ಹಿಂದೆ ಮುಂದೆಯೂ ಆಡುತ್ತದೆ, ಪಕ್ಕಕ್ಕೂ ಸರಿಯುತ್ತದೆ, ಅಂಗೈಯನ್ನು ದಾಟಿ ಬಂದು ಕಿರುಬೆರಳನ್ನೂ ಮುಟ್ಟುತ್ತದೆ.

ಬೆರಳು ಎಷ್ಟೇ ಬಲವಾಗಿ ಹಿಡಿದರೂ ಅದನ್ನು ಬಾಗಿಸುವ ಸ್ನಾಯು ಬೆರಳಿನೊಳಗೆ ಒಂದೂ ಇಲ್ಲ. ಆ ಸ್ನಾಯುಗಳಲ್ಲಿ ದೊಡ್ಡವು ಮುಂದೋಳಿನಲ್ಲಿವೆ. ಅಲ್ಲಿಂದ ಹೊರಟ ಸ್ನಾಯುರಜ್ಜುಗಳು ಮಣಿಕಟ್ಟನ್ನು ದಾಟಿ ಬೆರಳಿನ ಎಲುಬುಗಳಿಗೆ ಅಂಟಿಕೊಂಡಿವೆ. ಸೂತ್ರದ ಗೊಂಬೆಯನ್ನು ಆಡಿಸುವವನು ತೆರೆಯ ಹಿಂದೆ ನಿಂತು ದಾರ ಎಳೆಯುವಂತೆ, ಮುಂದೋಳು ದೂರದಲ್ಲಿದ್ದು ಬೆರಳನ್ನು ಆಡಿಸುತ್ತದೆ. ಒಂದು ಕೈಯಿಂದ ಇನ್ನೊಂದರ ಮುಂದೋಳನ್ನು ಹಿಡಿದು, ಹಿಡಿಸಿಕೊಂಡ ಕೈಯ ಬೆರಳುಗಳನ್ನು ಆಡಿಸಿದರೆ ಚರ್ಮದ ಕೆಳಗೆ ಸ್ನಾಯುಗಳು ಉಬ್ಬಿ ಇಳಿಯುವುದು ತಿಳಿಯುತ್ತದೆ. ಈ ದಾರಗಳು ಬಿಗಿಯಾಗಿ ಎಳೆಯಬೇಕಾದರೆ ಮಣಿಕಟ್ಟು ತುಸು ಹಿಂದಕ್ಕೆ ಬಾಗಿರಬೇಕು. ಮಣಿಕಟ್ಟನ್ನು ಪೂರ್ತಿಯಾಗಿ ಒಳಕ್ಕೆ ಮಡಿಸಿ ಮುಷ್ಟಿ ಕಟ್ಟಿದರೆ, ಎಂತಹ ಜಟ್ಟಿಯ ಮುಷ್ಟಿಯೂ ಸಡಿಲವಾಗುತ್ತದೆ. ಹುಡುಗರು ಜಗಳದಲ್ಲಿ ಎದುರಾಳಿಯ ಕೈಯಿಂದ ಕೋಲನ್ನು ಬಿಡಿಸಲು ಅವನ ಮಣಿಕಟ್ಟನ್ನು ಮಡಿಸುತ್ತಾರಷ್ಟೆ. ಶರೀರಶಾಸ್ತ್ರವನ್ನು ಓದದೆಯೇ ಕಲಿತ ಪಾಠವದು.

ಪರೀಕ್ಷೆ ಆರಂಭವಾಗುವುದು ಮುಟ್ಟುವುದರಿಂದಲ್ಲ, ನೋಡುವುದರಿಂದ. ಕೈಯನ್ನು ಅಂಗಾತ ಮೇಜಿನ ಮೇಲೆ ಸಡಿಲವಾಗಿ ಇರಿಸಿದಾಗ ಬೆರಳುಗಳು ತಾವಾಗಿಯೇ ಸ್ವಲ್ಪ ಬಾಗಿರುತ್ತವೆ. ತೋರುಬೆರಳು ಎಲ್ಲಕ್ಕಿಂತ ಕಡಮೆ, ಕಿರುಬೆರಳು ಎಲ್ಲಕ್ಕಿಂತ ಹೆಚ್ಚು. ನಡುವೆ ಮೆಟ್ಟಿಲಿನಂತಹ ಕ್ರಮ. ಕುಡುಗೋಲು ತಾಗಿಯೋ ಗಾಜು ತಾಗಿಯೋ ಗಾಯಗೊಂಡ ಕೈಯಲ್ಲಿ ಈ ಸಾಲಿನ ನಡುವೆ ಒಂದು ಬೆರಳು ಮಾತ್ರ ನೆಟ್ಟಗೆ ಚಾಚಿಕೊಂಡಿದ್ದರೆ, ಅದನ್ನು ಮಡಿಸುವ ರಜ್ಜು ತುಂಡಾಗಿದೆ ಎಂದು ವೈದ್ಯರು ದೂರದಿಂದಲೇ ಊಹಿಸಬಲ್ಲರು. ನೋವಿನಿಂದ ಅಳುತ್ತಿರುವ ಮಗುವಿನ ಕೈಯನ್ನು ಮುಟ್ಟಲಾಗದಿದ್ದಾಗ ಈ ನೋಟವೇ ದೊಡ್ಡ ಆಧಾರ.

ಹೆಬ್ಬೆರಳನ್ನು ಬಿಟ್ಟು ಉಳಿದ ಪ್ರತಿಯೊಂದು ಬೆರಳನ್ನೂ ಮಡಿಸುವ ರಜ್ಜುಗಳು ಎರಡು. ಆಳದಲ್ಲಿರುವುದು ಬೆರಳ ತುದಿಯ ಎಲುಬಿಗೆ ತಲಪುತ್ತದೆ. ಮೇಲಿನದು ನಡುವಣ ಎಲುಬಿನಲ್ಲಿಯೇ ನಿಲ್ಲುತ್ತದೆ. ಇವೆರಡರಲ್ಲಿ ಒಂದು ಮಾತ್ರ ಕತ್ತರಿಸಿದ್ದರೆ ಬೆರಳು ಹೇಗೋ ಮಡಿಯುತ್ತದೆ. ಗಾಯ ಸಣ್ಣದೆಂದು ತೋರುತ್ತದೆ. ಆದುದರಿಂದ ಎರಡನ್ನೂ ಬೇರೆಬೇರೆಯಾಗಿ ಪರೀಕ್ಷಿಸಬೇಕು. ಬೆರಳಿನ ನಡುಭಾಗವನ್ನು ಒತ್ತಿ ಹಿಡಿದು ತುದಿಯನ್ನು ಮಾತ್ರ ಮಡಿಸಲು ಹೇಳಿದರೆ ಆಳದ ರಜ್ಜುವಿನ ಸುದ್ದಿ ತಿಳಿಯುತ್ತದೆ. ಮೇಲಿನದರ ಪರೀಕ್ಷೆಯಲ್ಲಿ ಒಂದು ಜಾಣ್ಮೆಯಿದೆ. ಉಳಿದ ಮೂರು ಬೆರಳುಗಳನ್ನು ನೆಟ್ಟಗೆ ಚಾಚಿ ಹಿಡಿದು, ಒಂದನ್ನು ಮಾತ್ರ ಮಡಿಸಲು ಹೇಳುತ್ತಾರೆ. ಆಳದ ರಜ್ಜುಗಳು ಬಹುಮಟ್ಟಿಗೆ ಒಂದೇ ಸ್ನಾಯುವಿನ ಕುಡಿಗಳಾದ್ದರಿಂದ, ಮೂರನ್ನು ಕಟ್ಟಿಹಾಕಿದರೆ ನಾಲ್ಕನೆಯದೂ ನಿಷ್ಕ್ರಿಯವಾಗುತ್ತದೆ. ಆಗಲೂ ಬೆರಳು ನಡುಗೆಣ್ಣಿನಲ್ಲಿ ಮಡಿದರೆ, ಮಡಿಸಿದುದು ಮೇಲಿನ ರಜ್ಜುವೇ ಸರಿ.

ಬೆರಳುಗಳ ಈ ನೆರೆಹೊರೆಯ ಸಂಬಂಧ ಕೈಯ ಹಿಂಬದಿಯಲ್ಲಿಯೂ ಇದೆ. ನಡುಬೆರಳನ್ನು ಪೂರ್ತಿ ಮಡಿಸಿ, ಅದರ ಗೆಣ್ಣನ್ನೂ ಉಳಿದ ಬೆರಳುಗಳ ತುದಿಗಳನ್ನೂ ಮೇಜಿನ ಮೇಲೆ ಊರಿದಾಗ, ಹೆಬ್ಬೆರಳು ಮೇಲೇಳುತ್ತದೆ, ತೋರುಬೆರಳು ಏಳುತ್ತದೆ, ಕಿರುಬೆರಳೂ ಏಳುತ್ತದೆ. ಉಂಗುರಬೆರಳು ಮಾತ್ರ ಏನು ಮಾಡಿದರೂ ಏಳದು. ಹೆಬ್ಬೆರಳು, ತೋರುಬೆರಳು ಮತ್ತು ಕಿರುಬೆರಳುಗಳಿಗೆ ತಮ್ಮದೇ ಆದ ಎತ್ತುವ ಸ್ನಾಯುಗಳುಂಟು. ಉಂಗುರಬೆರಳಿಗೆ ಇಲ್ಲ, ಅದರ ರಜ್ಜು ಅಡ್ಡಪಟ್ಟಿಗಳಿಂದ ನೆರೆಯವಕ್ಕೆ ಬೆಸೆದುಕೊಂಡಿದೆ. ಇದು ರೋಗವಲ್ಲ, ರಚನೆ. ಯಾವುದು ರಚನೆ, ಯಾವುದು ರೋಗ ಎಂಬ ವಿವೇಕವಿಲ್ಲದವರು ಆರೋಗ್ಯವಂತನಿಗೂ ಕಟ್ಟು ಹಾಕಿಯಾರು.

ಮಣಿಕಟ್ಟಿನ ಎಂಟು ಎಲುಬುಗಳಲ್ಲಿ ಒಂದು ವಿಶೇಷ ಎಚ್ಚರವನ್ನು ಬೇಡುತ್ತದೆ. ದೋಣಿಯ ಆಕಾರದ ಅದಕ್ಕೆ ಗ್ರೀಕ್ ಮೂಲದಿಂದ ಬಂದ ‘ಸ್ಕೇಫಾಯ್ಡ್’ ಎಂಬ ಹೆಸರಿದೆ. ಹೆಬ್ಬೆರಳನ್ನು ಚೆನ್ನಾಗಿ ಹಿಂದಕ್ಕೆತ್ತಿದಾಗ ಅದರ ಬುಡದಲ್ಲಿ, ಎರಡು ರಜ್ಜುಗಳ ನಡುವೆ, ಒಂದು ಸಣ್ಣ ಗುಳಿ ಮೂಡುತ್ತದೆ. ಹಿಂದೆ ನಶ್ಯ ಸೇದುವವರು ಅದರಲ್ಲಿ ಪುಡಿಯನ್ನಿಟ್ಟು ಮೂಗಿಗೇರಿಸುತ್ತಿದ್ದುದರಿಂದ ಶರೀರಶಾಸ್ತ್ರಜ್ಞರೂ ಅದನ್ನು ‘ನಶ್ಯದ ಗುಳಿ’ ಎಂದೇ ಕರೆದರು. ಆ ಗುಳಿಯ ತಳದಲ್ಲಿ ಈ ದೋಣಿ ಎಲುಬು ಇದೆ. ಆಟದ ಬಯಲಿನಲ್ಲಿ ಓಡುತ್ತಿರುವ ಹುಡುಗನೊಬ್ಬ ಮುಗ್ಗರಿಸಿ, ಚಾಚಿದ ಅಂಗೈಯ ಮೇಲೆ ಬಿದ್ದನೆಂದು ಭಾವಿಸೋಣ. ಮಣಿಕಟ್ಟು ಸೊಟ್ಟಗಾಗಿಲ್ಲ, ಊತವೂ ಅಷ್ಟಿಲ್ಲ. ಉಳುಕಿದೆಯೆಂದು ಎಣ್ಣೆ ತಿಕ್ಕಿ ಮನೆಯವರು ಸುಮ್ಮನಾಗುತ್ತಾರೆ. ಎಕ್ಸ್-ರೇ ಚಿತ್ರದಲ್ಲಿಯೂ ಮೊದಲ ದಿನಗಳಲ್ಲಿ ಬಿರುಕು ಕಾಣದಿರಬಹುದು. ಆದರೆ ನಶ್ಯದ ಗುಳಿಯಲ್ಲಿ ಹೆಬ್ಬೆರಳಿನಿಂದ ಒತ್ತಿದಾಗ ಹುಡುಗನು ‘ಅಮ್ಮಾ’ ಎಂದು ಕೈ ಸೆಳೆದುಕೊಂಡರೆ, ವೈದ್ಯರು ಚಿತ್ರಕ್ಕಿಂತ ಆ ಕೂಗನ್ನು ಹೆಚ್ಚು ನಂಬುತ್ತಾರೆ. ಕೈಯನ್ನು ಅಲುಗದಂತೆ ಕಟ್ಟಿ, ಹತ್ತು ಹದಿನಾಲ್ಕು ದಿನಗಳ ಬಳಿಕ ಮತ್ತೆ ಚಿತ್ರ ತೆಗೆಸುತ್ತಾರೆ, ಅನುಕೂಲವಿದ್ದೆಡೆ ಎಂ.ಆರ್.ಐ. ಪರೀಕ್ಷೆಯನ್ನು ಮಾಡಿಸುತ್ತಾರೆ. ಇಷ್ಟೊಂದು ಕಾಳಜಿಗೆ ಕಾರಣವುಂಟು. ಈ ಎಲುಬಿಗೆ ರಕ್ತವು ಬಹುಪಾಲು ಬೆರಳಿನ ಕಡೆಯ ತುದಿಯಿಂದ ಹೊಕ್ಕು ಹಿಮ್ಮುಖವಾಗಿ ಹರಿಯುತ್ತದೆ. ನಡುವೆ ಮುರಿದರೆ, ತೋಳಿನ ಕಡೆಯ ತುಂಡು, ತೂಬು ಮುಚ್ಚಿದ ಕಾಲುವೆಯ ಕೊನೆಯ ಗದ್ದೆಯಂತೆ ಒಣಗಬಹುದು. ಅಂದಿನ ಅಲಕ್ಷ್ಯದ ಫಲ ವರ್ಷಗಳ ಅನಂತರ ಮಣಿಕಟ್ಟಿನ ಸವೆತವಾಗಿಯೂ ತೀರದ ನೋವಾಗಿಯೂ ಕಾಣಿಸಿಕೊಳ್ಳುತ್ತದೆ.

ಕೈಗೆ ರಕ್ತವನ್ನು ತರುವ ಮುಖ್ಯ ಅಪಧಮನಿಗಳು ಎರಡು. ಮುಷ್ಟಿ ಬಿಗಿಹಿಡಿಸಿ, ಮಣಿಕಟ್ಟಿನಲ್ಲಿ ಎರಡನ್ನೂ ಒತ್ತಿ, ಮುಷ್ಟಿ ಬಿಡಿಸಿದರೆ ಅಂಗೈ ಬಿಳಿಚಿಕೊಂಡಿರುತ್ತದೆ. ಒಂದನ್ನು ಬಿಟ್ಟೊಡನೆ ಕೆಂಪು ಹರಡಿದರೆ ಆ ದಾರಿ ತೆರೆದಿದೆಯೆಂದರ್ಥ. ಅಮೆರಿಕದ ವೈದ್ಯ ಎಡ್ಗರ್ ಅಲೆನ್ 1929ರಲ್ಲಿ ವಿವರಿಸಿದ ಕ್ರಮದಿಂದ ಬೆಳೆದುಬಂದ ಪರೀಕ್ಷೆಯಿದು.

ಇನ್ನು ನರಗಳು. ಕೈಯನ್ನು ಆಳುವ ನರಗಳು ಮೂರು: ರೇಡಿಯಲ್, ಮೀಡಿಯನ್, ಅಲ್ನಾರ್. ರೇಡಿಯಲ್ ನರ ಮಣಿಕಟ್ಟನ್ನೂ ಬೆರಳುಗಳನ್ನೂ ಮೇಲಕ್ಕೆತ್ತುತ್ತದೆ. ಅದು ಕೆಟ್ಟರೆ ಕೈ ಬಾಡಿದ ಎಲೆಯಂತೆ ಜೋಲುತ್ತದೆ. ಮೀಡಿಯನ್ ನರ ಹೆಬ್ಬೆರಳನ್ನು ಕಿರುಬೆರಳಿನೆದುರಿಗೆ ತರುತ್ತದೆ. ಅಂಗೈಯ ಕಡೆಯಲ್ಲಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಮತ್ತು ಉಂಗುರಬೆರಳಿನ ಅರ್ಧಭಾಗಕ್ಕೆ ಸ್ಪರ್ಶಜ್ಞಾನವನ್ನು ಕೊಡುತ್ತದೆ. ಇದು ಒಂಬತ್ತು ರಜ್ಜುಗಳ ಜೊತೆಗೆ ಮಣಿಕಟ್ಟಿನ ಇಕ್ಕಟ್ಟಾದ ಸುರಂಗದಲ್ಲಿ ಹಾದುಹೋಗುತ್ತದೆ. ಅಲ್ಲಿ ಒತ್ತಡ ಹೆಚ್ಚಿದವರು ರಾತ್ರಿ ಜುಮುಗುಟ್ಟುವ ಕೈಯನ್ನು ಒದರುತ್ತ ಎದ್ದು ಕೂಡುತ್ತಾರೆ. ಉಂಗುರಬೆರಳಿನ ಉಳಿದರ್ಧವೂ ಕಿರುಬೆರಳೂ ಅಲ್ನಾರ್ ನರದ ಪಾಲು. ಮೊಣಕೈ ಕಿಟಕಿಯ ಅಂಚಿಗೆ ತಾಗಿದಾಗ ಕಿರುಬೆರಳಿನವರೆಗೆ ಮಿಂಚು ಹರಿದಂತಾಗುವುದು ಈ ನರಕ್ಕೆ ಪೆಟ್ಟು ಬಿದ್ದುದರಿಂದ.

ಅಲ್ನಾರ್ ನರದ ಬಲವನ್ನು ಅಳೆಯಲು ಒಂದು ಹಾಳೆ ಕಾಗದ ಸಾಕು. ಹೆಬ್ಬೆರಳು ಮತ್ತು ತೋರುಬೆರಳಿನ ಪಕ್ಕದ ನಡುವೆ ಕಾಗದವನ್ನು ಒತ್ತಿಹಿಡಿಯಲು ರೋಗಿಗೆ ಹೇಳಿ, ವೈದ್ಯರು ಅದನ್ನು ಎಳೆಯುತ್ತಾರೆ. ನರ ಕೆಟ್ಟಿದ್ದರೆ ಹೆಬ್ಬೆರಳನ್ನು ಒಳಕ್ಕೆ ಒತ್ತುವ ಸ್ನಾಯು ಸೋಲುತ್ತದೆ. ಕಾಗದವನ್ನು ಉಳಿಸಿಕೊಳ್ಳಲು ರೋಗಿ ತನಗರಿವಿಲ್ಲದೆಯೇ ಹೆಬ್ಬೆರಳಿನ ತುದಿಗೆಣ್ಣನ್ನು ಕೊಕ್ಕೆಯಂತೆ ಮಡಿಸುತ್ತಾನೆ. ಫ್ರಾನ್ಸಿನ ವೈದ್ಯ ಜೂಲ್ ಫ್ರೋಮಾ ಇದನ್ನು ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಗುರುತಿಸಿದರು. ಅರಿವು ಹೋದ ಚರ್ಮ ಬೆವರುವುದಿಲ್ಲ. ಲೇಖನಿಯೊಂದನ್ನು ಅದರ ಮೇಲೆ ಸರಿಸಿದರೆ ನುಣುಪಾಗಿ ಜಾರುತ್ತದೆ. ನೀರಿನಲ್ಲಿ ಬಹಳ ಹೊತ್ತು ಇಟ್ಟ ಬೆರಳುಗಳು ಸುಕ್ಕುಗಟ್ಟುವುದನ್ನು ಎಲ್ಲರೂ ಕಂಡಿದ್ದಾರೆ. ನರ ಕತ್ತರಿಸಿದ ಬೆರಳು ಸುಕ್ಕುಗಟ್ಟುವುದಿಲ್ಲ. ಪ್ರಶ್ನೆಗೆ ಉತ್ತರ ಹೇಳಲಾರದ ಎಳೆಯ ಮಕ್ಕಳಲ್ಲಿ ಇದು ಉಪಯುಕ್ತವೆಂದು 1973ರಿಂದ ವೈದ್ಯರಿಗೆ ತಿಳಿದಿದೆ.

ಚಲನೆ ಹೋದ ಕೈ, ಸ್ಪರ್ಶ ಹೋದ ಕೈ—ಇವೆರಡರಲ್ಲಿ ಹೆಚ್ಚಿನ ನಷ್ಟ ಯಾವುದು? ಮೇಲುನೋಟಕ್ಕೆ ಚಲನೆ ಹೋದುದೇ ದೊಡ್ಡ ನಷ್ಟವೆನಿಸುತ್ತದೆ. ಹಾಗಲ್ಲವೆಂಬುದನ್ನು ತೋರಿಸಿಕೊಟ್ಟ ಕೆಲಸ ನಡೆದುದು ನಮ್ಮ ನೆರೆಯ ತಮಿಳುನಾಡಿನಲ್ಲಿ, ಕುಷ್ಠರೋಗಿಗಳ ನಡುವೆ.

ಕುಷ್ಠರೋಗದ ಸೂಕ್ಷ್ಮಜೀವಿಯನ್ನು ನಾರ್ವೆಯ ಹ್ಯಾನ್ಸೆನ್ 1873ರಲ್ಲಿಯೇ ಕಂಡುಹಿಡಿದಿದ್ದರು. ಆದರೂ ಈ ರೋಗದಲ್ಲಿ ಬೆರಳುಗಳ ಮಾಂಸವು ಕೊಳೆತು ಉದುರುತ್ತದೆ ಎಂಬ ನಂಬಿಕೆ ಜನರಲ್ಲಿ ಮಾತ್ರವಲ್ಲ, ವೈದ್ಯರಲ್ಲಿಯೂ ಬೇರೂರಿತ್ತು. ಕೊಳೆಯುವ ಕೈಗೆ ಶಸ್ತ್ರಚಿಕಿತ್ಸೆ ಮಾಡಿ ಫಲವೇನು? ಹೀಗಾಗಿ ಯಾರೂ ಆ ಕೈಗಳನ್ನು ಪರೀಕ್ಷಿಸುವ ಗೋಜಿಗೇ ಹೋಗಿರಲಿಲ್ಲ. ಪಾಲ್ ಬ್ರಾಂಡ್ 1914ರಲ್ಲಿ ಕೊಲ್ಲಿಮಲೆಯಲ್ಲಿ ಹುಟ್ಟಿದ ಆಂಗ್ಲ ವೈದ್ಯರು. ವೈದ್ಯಶಿಕ್ಷಣಕ್ಕೆ ಸೇರುವ ಮುನ್ನ ಮನೆ ಕಟ್ಟುವ ಕೆಲಸವನ್ನೂ ಬಡಗಿಯ ಕೆಲಸವನ್ನೂ ಕಲಿತಿದ್ದವರು. 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿಗೆ ಬಂದ ಅವರು, ಮರುವರ್ಷ ಚೆಂಗಲ್ಪಟ್ಟಿನ ಕುಷ್ಠರೋಗಿಗಳ ಆಶ್ರಯಸ್ಥಾನವನ್ನು ನೋಡಲು ಹೋದರು. ಅಲ್ಲಿ ಬೆರಳುಗಳು ಹಕ್ಕಿಯ ಉಗುರುಗಳಂತೆ ಮುರುಟಿದ ಒಬ್ಬ ತರುಣನ ಕೈಗೆ ತಮ್ಮ ಕೈಯನ್ನು ಕೊಟ್ಟು, ಹಿಸುಕಲು ಹೇಳಿದರು. ಸತ್ತಂತೆ ಕಾಣುತ್ತಿದ್ದ ಆ ಕೈ ಕೊಟ್ಟ ಹಿಡಿತಕ್ಕೆ ಬ್ರಾಂಡರು ನೋವಿನಿಂದ ಕೈ ಬಿಡಿಸಿಕೊಳ್ಳಬೇಕಾಯಿತು. ಆ ನೋವೇ ಅವರಿಗೆ ಉತ್ತರವಾಯಿತು. ಇಷ್ಟು ಬಲ ಉಳಿದಿದೆಯೆಂದ ಮೇಲೆ ಮುಂದೋಳಿನ ಸ್ನಾಯುಗಳು ಚೆನ್ನಾಗಿಯೇ ಇವೆ. ಕೆಟ್ಟಿರುವುದು ಅಂಗೈಯೊಳಗಿನ ಸಣ್ಣ ಸ್ನಾಯುಗಳು ಮಾತ್ರ.

ಆ ಸಣ್ಣ ಸ್ನಾಯುಗಳ ಕೆಲಸವನ್ನು ತಿಳಿಯಲು ತುತ್ತನ್ನು ನೆನೆದರೆ ಸಾಕು. ಅನ್ನವನ್ನು ಕಲಸಿ ಎತ್ತುವಾಗ ಬೆರಳುಗಳು ಬುಡದಲ್ಲಿ ಬಾಗಿ, ಮುಂದಿನ ಗೆಣ್ಣುಗಳಲ್ಲಿ ಹೆಚ್ಚು ಮಡಿಯದೆ, ಒಂದಕ್ಕೊಂದು ಒತ್ತಿಕೊಂಡು ಚಮಚದಂತಾಗುತ್ತವೆ. ಬುಡದಲ್ಲಿ ಬಾಗಿಸಿ ತುದಿಯಲ್ಲಿ ಚಾಚಿಸುವ ಈ ವಿಚಿತ್ರ ಕೆಲಸ ಅಂಗೈಯ ಸಣ್ಣ ಸ್ನಾಯುಗಳದು. ಅವುಗಳಲ್ಲಿ ಹೆಚ್ಚಿನವು ಅಲ್ನಾರ್ ನರದ ಅಧೀನ. ಕುಷ್ಠದ ಸೂಕ್ಷ್ಮಜೀವಿ ದೇಹದ ತಂಪಾದ ಭಾಗಗಳಲ್ಲಿ ಬೆಳೆಯುತ್ತದೆ. ಆದುದರಿಂದ ಮೊಣಕೈಯ ಬಳಿ ಚರ್ಮಕ್ಕೆ ಸಮೀಪವಾಗಿ ಹಾಯುವ ಅಲ್ನಾರ್ ನರವೂ, ಮಣಿಕಟ್ಟಿನ ಮೇಲ್ಗಡೆ ಮೀಡಿಯನ್ ನರವೂ ಅದಕ್ಕೆ ಸುಲಭವಾಗಿ ತುತ್ತಾಗುತ್ತವೆ. ಆಳದಲ್ಲಿ ಬೆಚ್ಚಗಿರುವ ಭಾಗಗಳು ಉಳಿದುಕೊಳ್ಳುತ್ತವೆ. ಎಲ್ಲಿ ಕೆಟ್ಟಿದೆ, ಎಲ್ಲಿ ಕೆಟ್ಟಿಲ್ಲ ಎಂಬುದು ಹೀಗೆ ನಿಖರವಾದ ಮೇಲೆ ಚಿಕಿತ್ಸೆಯ ದಾರಿ ತೆರೆಯಿತು. ಒಂದು ಬೆರಳಿನ ಎರಡು ಮಡಿಸುವ ರಜ್ಜುಗಳಲ್ಲಿ ಒಂದನ್ನು ಬಿಡಿಸಿ, ಸೀಳಿ, ಮುರುಟಿದ ಬೆರಳುಗಳಿಗೆ ಹೊಸ ದಾರಿಯಲ್ಲಿ ಜೋಡಿಸುವ ಶಸ್ತ್ರಚಿಕಿತ್ಸೆಯನ್ನು 1948ರಿಂದ ವೆಲ್ಲೂರಿನಲ್ಲಿ ನಡೆಸತೊಡಗಿದರು. ಬಟ್ಟಲನ್ನು ಎರಡು ಮಣಿಕಟ್ಟುಗಳ ನಡುವೆ ಒತ್ತಿ ಹಿಡಿಯುತ್ತಿದ್ದವರು ತಮ್ಮ ಬೆರಳುಗಳಿಂದ ಉಣ್ಣುವಂತಾದರು.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಸರಿಪಡಿಸಿದ ಬೆರಳುಗಳೂ ಗಾಯಗೊಂಡು ಮೊಟಕಾಗತೊಡಗಿದವು. ಒಮ್ಮೆ ತುಕ್ಕು ಹಿಡಿದ ಬೀಗವೊಂದನ್ನು ಬ್ರಾಂಡರು ತೆರೆಯಲಾರದೆ ಸೋತರು. ಹತ್ತು ವರ್ಷದ ರೋಗಿಬಾಲಕನೊಬ್ಬ ಮುಂದೆ ಬಂದು ಕೀಲಿಯನ್ನು ತಿರುಗಿಸಿಯೇಬಿಟ್ಟ. ಅವನ ಕೈಯನ್ನು ನೋಡಿದರೆ ಕೀಲಿಯು ಬೆರಳಿನ ಮಾಂಸವನ್ನು ಎಲುಬಿನವರೆಗೆ ಸೀಳಿತ್ತು; ಹುಡುಗನಿಗೆ ಗೊತ್ತೇ ಇರಲಿಲ್ಲ. ಅವನಿಗಿದ್ದುದು ದೊಡ್ಡವರನ್ನು ಮೀರಿಸಿದ ಬಲವಲ್ಲ. ನೋವು ಎಂಬ ಕಾವಲುಗಾರ ಎಲ್ಲರ ಕೈಯನ್ನೂ ಒಂದು ಮಿತಿಯಲ್ಲಿ ತಡೆಯುತ್ತಾನೆ. ಅವನ ಕೈಗೆ ಆ ಕಾವಲುಗಾರನಿರಲಿಲ್ಲ. ಅಲ್ಲಿಂದ ಮುಂದೆ ಪ್ರತಿಯೊಂದು ಗಾಯಕ್ಕೂ ಕಾರಣವನ್ನು ಹುಡುಕಿ ತೆಗೆಯುವ ಕೆಲಸ ಆರಂಭವಾಯಿತು. ಬಿಸಿ ಲೋಟ, ಒರಟಾದ ಸುತ್ತಿಗೆಯ ಹಿಡಿ—ಒಂದೊಂದೇ ಬೆಳಕಿಗೆ ಬಂದವು. ರಾತ್ರಿ ಮಲಗಿದವರ ಬೆರಳಿನ ತುಣುಕು ಬೆಳಿಗ್ಗೆ ಕಾಣೆಯಾಗುತ್ತಿದ್ದುದಕ್ಕೆ ಮಾತ್ರ ಕಾರಣ ಹೊಳೆಯಲಿಲ್ಲ. ರಾತ್ರಿಯಿಡೀ ಕಾದು ನೋಡಿದಾಗ, ಇಲಿಗಳು ಬಂದು ಅರಿವಿಲ್ಲದ ಬೆರಳುಗಳನ್ನು ಕಡಿಯುತ್ತಿದ್ದುದು ಗೊತ್ತಾಯಿತು. ಆಮೇಲೆ ಮನೆಗೆ ಹೋಗುವ ರೋಗಿಗಳಿಗೆ ಬೆಕ್ಕನ್ನೂ ಕೊಟ್ಟು ಕಳುಹಿಸಿದರು. ನಗು ಬರುವ ಮಾತಿದು. ಬೆರಳುಗಳನ್ನು ಉಳಿಸಿದ ಮಾತೂ ಹೌದು.

‘ಅಂಗೈ ಹುಣ್ಣಿಗೆ ಕನ್ನಡಿ ಬೇಕೆ?’ ಎಂಬ ಗಾದೆ ನೋವನ್ನು ಅರಿಯುವ ಕೈಯುಳ್ಳವರು ಕಟ್ಟಿದ್ದು. ಅಂಗೈಯಲ್ಲೇ ಹುಣ್ಣಿದ್ದರೂ ಅರಿಯದವರಿಗೆ ಕನ್ನಡಿಯಲ್ಲದಿದ್ದರೂ ಕಣ್ಣಂತೂ ಬೇಕು. ಸ್ಪರ್ಶ ಕಳೆದುಕೊಂಡವರು ದಿನವೂ ಸಂಜೆ ದೀಪದ ಬೆಳಕಿನಲ್ಲಿ ತಮ್ಮ ಎರಡು ಅಂಗೈಗಳನ್ನೂ ಪ್ರತಿಯೊಂದು ಬೆರಳನ್ನೂ ನೋಡಿಕೊಳ್ಳಬೇಕು. ಕೆಂಪಾದ ಜಾಗ, ಬೊಕ್ಕೆ, ಮುಳ್ಳು ಏನಾದರೂ ಇದೆಯೇ ಎಂದು ಹುಡುಕಬೇಕು. ಒಲೆಯ ಮೇಲಿನ ಪಾತ್ರೆಯನ್ನು ಬಟ್ಟೆಯಿಂದಲೇ ಹಿಡಿಯಬೇಕು. ಈ ಪಾಠವನ್ನು ವೆಲ್ಲೂರಿನಲ್ಲಿಯೂ, 1955ರಲ್ಲಿ ಅದರ ಸಮೀಪದ ಕರಿಗಿರಿಯಲ್ಲಿ ಆರಂಭವಾದ ಕುಷ್ಠರೋಗ ಸಂಶೋಧನಾ ಕೇಂದ್ರದಲ್ಲಿಯೂ ಸಾವಿರಾರು ಜನ ಕಲಿತರು. ಬ್ರಾಂಡರು 2003ರಲ್ಲಿ ತೀರಿಕೊಂಡರು.

ಹಲವು ಔಷಧಿಗಳನ್ನು ಕೂಡಿಸಿ ಕೊಡುವ ಚಿಕಿತ್ಸೆಯನ್ನು 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದ ಮೇಲೆ ಕುಷ್ಠವು ಆರು ತಿಂಗಳಿನಿಂದ ಒಂದು ವರ್ಷದೊಳಗೆ ಗುಣವಾಗುವ ರೋಗವಾಗಿದೆ. ಆದರೂ ಹೊಸ ರೋಗಿಗಳು ಇಂದಿಗೂ ಕಾಣಿಸಿಕೊಳ್ಳುತ್ತಿದ್ದಾರೆ. ಔಷಧಿಯು ರೋಗವನ್ನು ಕೊಲ್ಲುವ ಮೊದಲೇ ನರವು ಕೆಡುವ ಭಯ ಇದ್ದೇ ಇದೆ. ಹೊಸದಾಗಿ ಕೆಟ್ಟ ನರಕ್ಕೆ, ಅಂದರೆ ಆರು ತಿಂಗಳು ಮೀರುವುದರೊಳಗೆ, ಸ್ಟೆರಾಯ್ಡ್ ಔಷಧಿಯನ್ನು ಕೊಟ್ಟರೆ ಅದು ಚೇತರಿಸಿಕೊಳ್ಳುವ ಸಂಭವ ಹೆಚ್ಚು. ತಡವಾದಷ್ಟೂ ಆಸೆ ಕಡಮೆ. ಆದುದರಿಂದ ಆರೋಗ್ಯ ಕಾರ್ಯಕರ್ತರು ಚಿಕಿತ್ಸೆಯಲ್ಲಿರುವವರ ಕೈಯನ್ನು ಮತ್ತೆ ಮತ್ತೆ ನೋಡುತ್ತಾರೆ. ಮೊಣಕೈಯ ಹಿಂದೆ ಬೆರಳಿಟ್ಟು ನರ ದಪ್ಪವಾಗಿದೆಯೇ ಎಂದು ತಡವುತ್ತಾರೆ. ಕಿರುಬೆರಳನ್ನು ಹೊರಕ್ಕೆ ಸರಿಸಲು ಹೇಳಿ, ತಮ್ಮ ಬೆರಳಿನಿಂದ ಅದನ್ನು ಒಳಕ್ಕೊತ್ತಿ ಬಲ ನೋಡುತ್ತಾರೆ. ಅನಂತರ ರೋಗಿಗೆ ಕಣ್ಣು ಮುಚ್ಚಲು ಹೇಳಿ, ಜೇಬಿನಿಂದ ಒಂದು ಬಾಲ್‌ಪೆನ್ನನ್ನು ತೆಗೆದು, ಅಂಗೈಯ ಒಂದೊಂದು ಸ್ಥಳವನ್ನೂ ಅದರ ತುದಿಯಿಂದ ಮೆಲ್ಲಗೆ ಮುಟ್ಟುತ್ತಾರೆ. ಮುಟ್ಟಿದ ಜಾಗವನ್ನು ರೋಗಿ ಇನ್ನೊಂದು ಕೈಯ ಬೆರಳಿನಿಂದ ತೋರಿಸಬೇಕು. ಹೆಬ್ಬೆರಳಿನ ಬುಡ, ತೋರುಬೆರಳಿನ ತುದಿ, ಅಂಗೈಯ ಅಂಚು, ಕಿರುಬೆರಳು. ಪೆನ್ನಿನ ತುದಿ ತಾಗಿಯೂ ರೋಗಿಯ ಬೆರಳು ಮೇಲೇಳದೆ ಸುಮ್ಮನಿದ್ದರೆ, ಆ ಸ್ಥಳಕ್ಕೆ ಪಟ್ಟಿಯಲ್ಲಿ ಒಂದು ಗುರುತು ಬೀಳುತ್ತದೆ. ಕಳೆದ ಸಲದ ಪಟ್ಟಿಯಲ್ಲಿ ಅದೇ ಜಾಗಕ್ಕೆ ಗುರುತಿರಲಿಲ್ಲವಾದರೆ, ಅಂದೇ ರೋಗಿಯನ್ನು ವೈದ್ಯರ ಬಳಿಗೆ ಕಳುಹಿಸುತ್ತಾರೆ.